ಹಳೇ ಬೆಂಗಳೂರಿನಲ್ಲಿ ಒಂದು ದಿನ: ಬೆಳಕು ನೋಡಿಕೊಂಡು ಊರು ನೋಡುವ ಬಗೆ

ಹಳೇದು ನೋಡಬೇಕೆಂದರೆ ಮೈಸೂರಿಗೋ ಹಂಪಿಗೋ ಹೋಗಬೇಕು, ಬೆಂಗಳೂರಿನಲ್ಲಿ ಏನಿದೆ ಎನ್ನುವ ಮಾತು ಇಲ್ಲೇ ಹುಟ್ಟಿ ಬೆಳೆದವರ ಬಾಯಲ್ಲೂ ಬರುತ್ತದೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಇವತ್ತಿಗೂ ಅದೇ ಬೀದಿಗಳ ಮೇಲೆ ನಿಂತಿದೆ. ಹೈದರಾಲಿಯ ಕಲ್ಲಿನ ಕೋಟೆಯ ಒಂದು ಬಾಗಿಲು ಉಳಿದಿದೆ, ಟಿಪ್ಪುವಿನ ತೇಗದ ಅರಮನೆ ಉಳಿದಿದೆ. ಇವೆಲ್ಲ ಕೆ.ಆರ್. ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇವೆ. ಆದರೆ ಅಂಗಡಿ ಬೋರ್ಡು, ಕರೆಂಟಿನ ತಂತಿ, ನಿಲ್ಲಿಸಿದ ಸ್ಕೂಟರುಗಳ ಹಿಂದೆ ಮರೆಯಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿದ್ದರೆ ಒಂದೇ ದಿನದಲ್ಲಿ ಚೆನ್ನಾಗಿ ನೋಡಬಹುದು, ಒಳ್ಳೆಯ ಚಿತ್ರಗಳನ್ನೂ ತರಬಹುದು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಒಂದೇ ದಿನಕ್ಕೆ ವಿಧಾನಸೌಧ, ಬೆಂಗಳೂರು ಅರಮನೆ, ಹಲಸೂರು, ಬನ್ನೇರುಘಟ್ಟ ಎಲ್ಲವನ್ನೂ ತುರುಕಬೇಡಿ. ದಿನದ ಅರ್ಧ ಟ್ರಾಫಿಕ್ಕಿನಲ್ಲೇ ಕಳೆಯುತ್ತದೆ, ಒಳ್ಳೆಯ ಬೆಳಕಿರುವ ಹೊತ್ತಿನಲ್ಲಿ ನೀವು ಯಾವುದೋ ಸಿಗ್ನಲ್ಲಿನಲ್ಲಿ ನಿಂತಿರುತ್ತೀರಿ. ಕೆಳಗಿನ ದಾರಿ ಮಾರುಕಟ್ಟೆ, ಪೇಟೆ, ಕೋಟೆ, ಬಸವನಗುಡಿ, ಲಾಲ್‌ಬಾಗ್ ಇಷ್ಟಕ್ಕೇ ಸೀಮಿತ. ಎಲ್ಲವೂ ಮೆಟ್ರೋದ ಹಸಿರು ಮಾರ್ಗದ ಅಕ್ಕಪಕ್ಕದಲ್ಲಿವೆ.

ದಿನ ಮತ್ತು ತಿಂಗಳು

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ, ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲಾ ಮಕ್ಕಳಿಗೆ ತೋರಿಸುವುದು ಇದನ್ನೇ. ಇಂಥ ತಿಂಗಳುಗಳಲ್ಲಿ ಬೆಳಿಗ್ಗೆ ಒಂಬತ್ತೂವರೆ ದಾಟಿದರೆ ಹೊರಗಿನ ಚಿತ್ರಗಳು ಸಪ್ಪೆ. ಮುಖಗಳಲ್ಲಿ ಕಣ್ಣಿನ ಕೆಳಗೆ ಕಪ್ಪು ಬೀಳುತ್ತದೆ, ಕಲ್ಲಿನ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಡಿಸೆಂಬರಿನಲ್ಲಿ ಹಾಗಲ್ಲ. ನಡುಮಧ್ಯಾಹ್ನವೂ ಆರಡಿ ಎತ್ತರದ ಮನುಷ್ಯನಿಗೆ ನಾಲ್ಕೂವರೆ ಅಡಿಯಷ್ಟು ನೆರಳಿರುತ್ತದೆ, ಬೆಳಕು ದಕ್ಷಿಣದಿಂದ ಓರೆಯಾಗಿ ಬರುತ್ತದೆ, ಹನ್ನೊಂದರವರೆಗೂ ಧೈರ್ಯವಾಗಿ ಕೆಲಸ ಮಾಡಬಹುದು. ನವೆಂಬರ್ ಕೊನೆಯಿಂದ ಫೆಬ್ರವರಿ ತನಕದ ದಿನಗಳೇ ಇದಕ್ಕೆ ಒಳ್ಳೆಯವು. ಮಾರ್ಚ್ ಕೂಡ ಪರವಾಗಿಲ್ಲ. ಏಪ್ರಿಲ್, ಮೇ ಹಾಗೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಗುಡುಗಿನ ಮಳೆ ಬರುವ ಸಂಭವ ಹೆಚ್ಚು. ಆಗ ಲಾಲ್‌ಬಾಗಿನ ಸೂರ್ಯಾಸ್ತವನ್ನು ನೆಚ್ಚಿಕೊಳ್ಳುವಂತಿಲ್ಲ.

ವಾರದಲ್ಲಿ ಬುಧವಾರ, ಗುರುವಾರ ಅಥವಾ ಶನಿವಾರ ಆರಿಸಿಕೊಳ್ಳಿ. ಭಾನುವಾರ ಮೆಟ್ರೋ ಏಳು ಗಂಟೆಗೆ ಶುರುವಾಗುವುದರಿಂದ ಹೂವಿನ ಮಾರುಕಟ್ಟೆಯ ನಸುಕು ತಪ್ಪಿಹೋಗುತ್ತದೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಐದರ ಹೊತ್ತಿಗೆಲ್ಲ ರೈಲು ಸಿಗುತ್ತದೆ. ಸೋಮವಾರ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ರಜೆ, ಶುಕ್ರವಾರ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ರಜೆ. ಊಟ ತಿಂಡಿ ಸಣ್ಣ ವಿಷಯವಲ್ಲ, ಇಡೀ ದಿನ ನಡೆಯಬೇಕು. ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಯ ಹಿಂದಿನ ದಿನ ಮಾರುಕಟ್ಟೆಯಲ್ಲಿ ಹೂವು ರಾಶಿ ರಾಶಿ, ಆದರೆ ಕಾಲಿಡಲು ಜಾಗವಿರುವುದಿಲ್ಲ. ಹಬ್ಬಕ್ಕೆ ಮೂರು ದಿನ ಮುಂಚೆ ಹೋದರೆ ಹೂವೂ ಇರುತ್ತದೆ, ನಿಲ್ಲುವುದಕ್ಕೆ ಒಂದಡಿ ನೆಲವೂ ಇರುತ್ತದೆ.

ಚೀಲದಲ್ಲಿ ಏನಿರಬೇಕು

ಕಡಿಮೆ. ದೊಡ್ಡ ಕ್ಯಾಮೆರಾ ಇದ್ದರೆ 24ರಿಂದ 70 ಮಿ.ಮೀ. ಲೆನ್ಸ್ ಒಂದೇ ಸಾಕು, ಇಲ್ಲವೇ 35 ಮಿ.ಮೀ.ನ ಎಫ್ 1.8 ಅಥವಾ ಎಫ್ 2 ಲೆನ್ಸ್ (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸು ಹೆಚ್ಚು ಬೆಳಕು ಒಳಬಿಡುತ್ತದೆ). ಪೇಟೆಯ ಇಕ್ಕಟ್ಟಿನಲ್ಲಿ ಲೆನ್ಸ್ ಬದಲಾಯಿಸಲು ಹೋದರೆ ಧೂಳು ಒಳಗೆ ಸೇರುತ್ತದೆ, ಆ ಚುಕ್ಕೆ ಮುಂದೆ ಪ್ರತಿ ಆಕಾಶದ ಚಿತ್ರದಲ್ಲೂ ಕಾಣಿಸಿಕೊಳ್ಳುತ್ತದೆ. ದಿನಕ್ಕೆ ನಾನೂರು-ಐನೂರು ಚಿತ್ರವಾಗುತ್ತವೆ. ಕ್ಯಾಮೆರಾ ಕುಗ್ಗಿಸದೆ ಉಳಿಸುವ ರಾ ಫೈಲುಗಳಾದರೆ 64 ಜಿಬಿ ಕಾರ್ಡ್ ಧಾರಾಳವಾಯಿತು, ಆದರೂ ಇನ್ನೊಂದು ಖಾಲಿ ಕಾರ್ಡ್ ಇರಲಿ. ಎರಡು ಬ್ಯಾಟರಿ, 10,000 ಎಂಎಎಚ್ ಪವರ್ ಬ್ಯಾಂಕ್, ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆ, ಮಳೆಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ, ನೀರು, ಹತ್ತು ಇಪ್ಪತ್ತರ ಚಿಲ್ಲರೆ ನೋಟುಗಳು. ಟ್ರೈಪಾಡ್ ಮನೆಯಲ್ಲೇ ಇರಲಿ. ಮಾರುಕಟ್ಟೆಯಲ್ಲಿ ಅದಕ್ಕೆ ಎಡೆಯಿಲ್ಲ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಮೊದಲೇ ಅನುಮತಿ ಪಡೆಯದೆ ಬಿಡುವುದಿಲ್ಲ. ಡ್ರೋನ್ ಅಂತೂ ಬೇಡವೇ ಬೇಡ.

ಮೊಬೈಲಿನಲ್ಲೇ ತೆಗೆಯುವವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಕಿರಿದಾದ ಬೀದಿಗಳಲ್ಲಿ ಮೊಬೈಲೇ ಅನುಕೂಲ, ಜನ ಬೆದರುವುದಿಲ್ಲ.

ಕಾಲಿಗೆ ಹಿಂದೆ ಪಟ್ಟಿಯಿರುವ, ಅಡಿ ಒರಟಾಗಿರುವ ಚಪ್ಪಲಿ ಹಾಕಿಕೊಳ್ಳಿ. ಮಾರುಕಟ್ಟೆಯ ನೆಲ ನೀರು, ಬಾಳೆಎಲೆ, ಕೊಳೆತ ಹೂವಿನಿಂದ ಜಾರುತ್ತದೆ, ಹವಾಯಿ ಚಪ್ಪಲಿ ನಂಬುವಂಥದ್ದಲ್ಲ. ಲೇಸಿನ ಶೂ ಹಾಕಿಕೊಂಡರೆ ಗುಡಿಗಳ ಮುಂದೆ ಬಿಚ್ಚಿ ಕಟ್ಟುವುದರಲ್ಲೇ ಸುಸ್ತು.

ಬೆಳಿಗ್ಗೆ ಐದೂವರೆ: ಹೂವಿನ ಮಾರುಕಟ್ಟೆ

ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ. ಹಿಂದೆ ಸಿದ್ದಿಕಟ್ಟೆ ಎಂಬ ಕೆರೆ ಇದ್ದ ಜಾಗವಿದು. 1928ರಲ್ಲಿ ಮಾರುಕಟ್ಟೆಯಾಗಿ ಕೃಷ್ಣರಾಜ ಒಡೆಯರ ಹೆಸರು ಪಡೆಯಿತು. ಹಳಬರಿಗೆ ಈಗಲೂ ಇದು ಸಿಟಿ ಮಾರ್ಕೆಟ್ಟೇ.

ಸಗಟು ವ್ಯಾಪಾರ ನಡುರಾತ್ರಿ ಕಳೆದ ಮೇಲೆ ಕಾವು ಏರಿ, ಬೆಳಕು ಹರಿಯುವ ಹೊತ್ತಿಗೆ ಜೋರಾಗಿರುತ್ತದೆ, ಏಳೂವರೆ ಎಂಟಕ್ಕೆ ತಣ್ಣಗಾಗತೊಡಗುತ್ತದೆ. ಮೊದಲು ಕಟ್ಟಡದ ಮೇಲಿನ ಅಂತಸ್ತಿಗೆ ಹತ್ತಿ ಕೆಳಗೆ ನೋಡಿ. ಸೇವಂತಿಗೆಯ ಹಳದಿ, ಚೆಂಡುಹೂವಿನ ಕಿತ್ತಳೆ, ಕನಕಾಂಬರ, ಸುಗಂಧರಾಜ, ಕಾಕಡ, ನಡುನಡುವೆ ತಲೆ ಮೇಲೆ ಮೂಟೆ ಹೊತ್ತು ಓಡುವ ಹಮಾಲಿಗಳು. ಮೇಲಿನಿಂದ ತೆಗೆಯುವಾಗ ಜನ ಚೆದುರಿದ ಹೊತ್ತಿಗಿಂತ ಹೂವಿನ ರಾಶಿಯ ಪಕ್ಕದಲ್ಲಿ ಒಬ್ಬರು ಇಬ್ಬರು ಬಂದು ನಿಲ್ಲುವ ಕ್ಷಣಕ್ಕೆ ಕಾಯಿರಿ. ಕಾಯುವುದು ಎಂದರೆ ಒಂದೇ ಜಾಗದಲ್ಲಿ ಹದಿನೈದು ನಿಮಿಷ.

ಇಲ್ಲಿ ಎರಡು ತಪ್ಪುಗಳು ತಪ್ಪದೆ ಆಗುತ್ತವೆ. ಮೊದಲನೆಯದು ಪಟ್ಟೆಗಳು. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಸೆಕೆಂಡಿನ 1/250 ಅಥವಾ 1/500 ಇಟ್ಟರೆ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ ಬೀಳುತ್ತದೆ. 1/100 ಅಥವಾ 1/50 ಇಟ್ಟರೆ ಮಿನುಗಿನ ಒಂದು ಇಡೀ ಸುತ್ತು ಒಳಗೆ ಬರುವುದರಿಂದ ಪಟ್ಟೆ ಮಾಯ. ಎಫ್ 2.8, 1/100, ಐಎಸ್‌ಒ 1600ರಿಂದ 3200 (ಇದು ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಳತೆ): ಇಲ್ಲಿಂದ ಶುರುಮಾಡಿ. ಮೊಬೈಲಿನಲ್ಲಿ ವಿಡಿಯೋ ಮಾಡುವುದಾದರೆ ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಅಥವಾ ಸೆಕೆಂಡಿಗೆ 25 ಫ್ರೇಮು ಆರಿಸಿ. ಮೊಬೈಲಿನ ನೈಟ್ ಮೋಡ್ ಆಫ್ ಮಾಡಿ. ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸುವುದರಿಂದ ನಡೆದಾಡುವವರು ಕಲಸಿಹೋಗುತ್ತಾರೆ.

ಎರಡನೆಯದು ಹಳದಿ ಸುಟ್ಟುಹೋಗುವುದು. ಸೇವಂತಿಗೆ, ಚೆಂಡುಹೂವಿನ ಮೇಲೆ ಬಲ್ಬಿನ ಬೆಳಕು ಬಿದ್ದಾಗ ಕೆಂಪು ಬಣ್ಣದ ಅಂಶ ಮಿತಿ ಮೀರುತ್ತದೆ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಗ್ರಾಫು, ಅಂದರೆ ಒಟ್ಟು ಹಿಸ್ಟೋಗ್ರಾಮ್, ಸರಿಯಾಗಿಯೇ ಕಾಣುತ್ತದೆ, ಮನೆಗೆ ಬಂದು ನೋಡಿದರೆ ಹೂವಿಗೆ ಎಸಳೇ ಇಲ್ಲ, ಬರೀ ಹಳದಿ ಮುದ್ದೆ. ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಂಡು, ಎಕ್ಸ್‌ಪೋಷರ್ ಅನ್ನು ಮೂರನೇ ಎರಡರಷ್ಟು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸುವುದೆಂದರೆ ಬೆಳಕನ್ನು ಅರ್ಧಕ್ಕಿಳಿಸುವುದು). ಮೊಬೈಲಿನಲ್ಲಿ ಹೂವಿನ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಎಸಳಿನ ಅಂಚು ಕಂಡರೆ ಸಾಕು, ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು.

ಕೆಳಗಿಳಿದು ಬಂದ ಮೇಲೆ ಹತ್ತಿರದಿಂದ ನೋಡಲೇಬೇಕಾದದ್ದು ಕೈಗಳನ್ನು. ಇಲ್ಲಿ ಕಟ್ಟಿದ ಹೂವನ್ನು ಮಾರು, ಮೊಳದ ಲೆಕ್ಕದಲ್ಲಿ ಅಳೆಯುತ್ತಾರೆ. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ, ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಹೂವಾಡಗಿತ್ತಿ ಮಾಲೆಯನ್ನು ಎಳೆದು ಕೈ ಪೂರ್ತಿ ಚಾಚಿದಾಗ, ಮತ್ತೆ ಮಡಚುವ ಮುನ್ನ, ಕೈ ಅರೆಕ್ಷಣ ನಿಲ್ಲುತ್ತದೆ. 1/100ರಲ್ಲೂ ಆ ಕ್ಷಣ ಕದಲದೆ ಸಿಗುತ್ತದೆ. ಎರಡು ಸಲ ಸುಮ್ಮನೆ ನೋಡಿ, ಮೂರನೆಯ ಸಲಕ್ಕೆ ಒತ್ತಿ. ಹೂವು ಕಟ್ಟುವ ಬೆರಳುಗಳನ್ನು ತೆಗೆಯುವುದಾದರೆ ಅವರ ಎದುರಿಗೆ ಕೂತು, ಕ್ಯಾಮೆರಾವನ್ನು ಅವರ ಮಡಿಲಿನ ಎತ್ತರಕ್ಕೆ ಇಳಿಸಿ. ನಿಂತೇ ಕೆಳಕ್ಕೆ ತೆಗೆದರೆ ನಡುನೆತ್ತಿ ಮಾತ್ರ ಬರುತ್ತದೆ.

ಯಾರನ್ನೇ ಹತ್ತಿರದಿಂದ ತೆಗೆಯುವ ಮುಂಚೆ ಕೇಳಿ. 'ಅಕ್ಕಾ, ಒಂದ್ ಫೋಟೋ ತೆಗೀಲಾ?', 'ಅಣ್ಣಾ, ಹೂವಿನ ಜೊತೆ ಒಂದ್ ತೆಕ್ಕೊಳ್ಳಾ?' ಅಷ್ಟೇ ಸಾಕು. ಒಂದು ಮೊಳ ಮಲ್ಲಿಗೆ ಕೊಂಡು ಕೇಳಿದರೆ ಇನ್ನೂ ಚೆಂದ. ಬೇಡ ಎಂದರೆ ಮುಗಿಯಿತು, ದೂರ ಹೋಗಿ ಜೂಮ್ ಹಾಕಿ ಕದ್ದು ತೆಗೆಯುವುದು ಮರ್ಯಾದೆಯಲ್ಲ. ಹಮಾಲಿಗಳ ದಾರಿಗೆ ಅಡ್ಡ ನಿಲ್ಲಬೇಡಿ. ಐವತ್ತು ಕೆ.ಜಿ. ಹೊರೆ ತಲೆ ಮೇಲಿದ್ದಾಗ ಒಂದು ಸಲ ನಿಂತರೆ ಮತ್ತೆ ಹೆಜ್ಜೆ ಕೀಳುವುದು ಎಷ್ಟು ಕಷ್ಟ ಎಂಬುದು ಅವರಿಗೇ ಗೊತ್ತು. ಹಿಂದಿನಿಂದ 'ಸೈಡ್, ಸೈಡ್' ಎಂದು ಕೇಳಿಸಿದರೆ ಚಿತ್ರ ಬಿಟ್ಟು ಗೋಡೆಗೆ ಒರಗಿ. ಚೀಲ ಬೆನ್ನಿಗಲ್ಲ, ಎದೆಯ ಮುಂದೆ ಹಾಕಿಕೊಳ್ಳಿ.

ಏಳರಿಂದ ಒಂಬತ್ತು: ಅಂಗಡಿಗಳ ಶಟರ್ ತೆರೆಯುವ ಮುಂಚೆ ಪೇಟೆ

ಮಾರುಕಟ್ಟೆಯ ಹತ್ತಿರದ ಯಾವುದಾದರೂ ಹೋಟೆಲಿನಲ್ಲಿ ಬಿಸಿ ಇಡ್ಲಿ, ಕಾಫಿ ಮುಗಿಸಿ ಅವೆನ್ಯೂ ರಸ್ತೆ ಹಿಡಿದು ಉತ್ತರಕ್ಕೆ ನಡೆಯಿರಿ. ಇದರ ಹಳೆಯ ಹೆಸರು ದೊಡ್ಡಪೇಟೆ. ಇದನ್ನು ಚಿಕ್ಕಪೇಟೆಯ ಬೀದಿ ಅಡ್ಡ ಹಾಯುವ ಕಡೆ ದೊಡ್ಡಪೇಟೆ ಚೌಕ. ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೆ ಹೊಡೆಸಿ ಕೆಂಪೇಗೌಡರು ಊರಿನ ಬೀದಿಗಳನ್ನು ಗುರುತು ಮಾಡಿಸಿದ್ದು ಇಲ್ಲಿಂದಲೇ ಎನ್ನುತ್ತಾರೆ. ಬೀದಿಗಳ ದಿಕ್ಕು ನೋಡಿದರೆ ಆ ಮಾತು ನಂಬುವಂತೆಯೇ ಇದೆ. ದೊಡ್ಡಪೇಟೆ ಯಲಹಂಕ ಬಾಗಿಲಿನಿಂದ ಕೋಟೆಯ ಕಡೆಗೆ, ಅಂದರೆ ಉತ್ತರ-ದಕ್ಷಿಣ. ಚಿಕ್ಕಪೇಟೆ ಹಲಸೂರು ಬಾಗಿಲಿನಿಂದ ಸೊಂಡೆಕೊಪ್ಪ ಬಾಗಿಲಿನ ಕಡೆಗೆ, ಅಂದರೆ ಪೂರ್ವ-ಪಶ್ಚಿಮ.

ಚಿತ್ರ ತೆಗೆಯುವವರಿಗೆ ಈ ನೇಗಿಲ ಗೆರೆಗಳು ನಕ್ಷೆಗಿಂತ ಉಪಯೋಗಕ್ಕೆ ಬರುತ್ತವೆ. ಬೆಳಗಿನ ಬಿಸಿಲು ಚಿಕ್ಕಪೇಟೆಯ ಬೀದಿಯೊಳಗೆ ಉದ್ದಕ್ಕೂ ಹರಿಯುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಮೂರನೇ ವಾರದ ಸುಮಾರಿಗೆ ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದರಿಂದ ಅದು ಇನ್ನೂ ಚೆನ್ನ. ಚೌಕದಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಧೂಳು, ತಳ್ಳುಗಾಡಿ, ಟೀ ಹೊತ್ತ ಹುಡುಗ ಎಲ್ಲವೂ ಹೊನ್ನಿನ ಅಂಚಿನ ನೆರಳು ಚಿತ್ರಗಳಾಗುತ್ತವೆ. ಪಶ್ಚಿಮಕ್ಕೆ ತಿರುಗಿದರೆ ಅದೇ ಬೆಳಕು ಎದುರಿನವರ ಮುಖದ ಮೇಲೆ. ದೊಡ್ಡಪೇಟೆಯಲ್ಲಾದರೆ ಬೆಳಿಗ್ಗೆ ಬೀದಿಯ ಪಶ್ಚಿಮ ಬದಿಯ ಕಟ್ಟಡಗಳಿಗೆ ಬಿಸಿಲು, ಪೂರ್ವದ ಬದಿಗೆ ನೆರಳು. ಪೂರ್ವದ ಬದಿಯ ಕಟ್ಟಡಗಳು ಬೇಕಿದ್ದರೆ ಮಧ್ಯಾಹ್ನ ಮೂರರ ಮೇಲೆಯೇ ಬರಬೇಕು.

ಅಂಗಡಿಗಳು ಹತ್ತೂವರೆ ಹನ್ನೊಂದರ ಸುಮಾರಿಗೆ ತೆರೆಯುತ್ತವೆ. ಅದಕ್ಕೆ ಮುಂಚೆ ಬಂದಿರುವುದರ ಲಾಭ ಇದು: ತಲೆ ಎತ್ತಿ ನೋಡಲು ಆಗುತ್ತದೆ. ನೆಲಮಹಡಿ ಎಲ್ಲ ಕಡೆ ಒಂದೇ, ಶಟರು ಮತ್ತು ಬೋರ್ಡು. ಮೊದಲ ಮಹಡಿಯ ಮೇಲೆ ಕಣ್ಣು ಹಾಯಿಸಿದರೆ ಗಾರೆಯಲ್ಲಿ ಮಾಡಿದ ಬಳ್ಳಿ, ಕಬ್ಬಿಣದ ಕಟಕಟೆ, ಮರದ ಉಪ್ಪರಿಗೆ, ಕಟ್ಟಿದ ಇಸವಿ ಬರೆದ ತಲೆಕಟ್ಟು ಅಲ್ಲಲ್ಲಿ ಉಳಿದಿವೆ. ಪ್ರತಿ ವರ್ಷ ಒಂದಲ್ಲ ಒಂದನ್ನು ಕೆಡವುತ್ತಿದ್ದಾರೆ. ಆದ್ದರಿಂದ ಕಣ್ಣಿಗೆ ಬಿದ್ದದ್ದನ್ನು ಪೂರ್ತಿಯಾಗಿ ಒಮ್ಮೆ, ವಿವರವಾಗಿ ಒಮ್ಮೆ ತೆಗೆದಿಡಿ. ಮುಂದಿನ ಸಲ ಬರುವಾಗ ಅದು ಇಲ್ಲದಿರಬಹುದು.

ಎತ್ತರದ ಕಟ್ಟಡ ಹಿಡಿಸಲೆಂದು ಮೊಬೈಲನ್ನು ಹಿಂದಕ್ಕೆ ಬಾಗಿಸಿದರೆ ಗೋಡೆಗಳು ಮೇಲಕ್ಕೆ ಹೋಗುತ್ತಾ ಒಂದಕ್ಕೊಂದು ಒರಗುತ್ತವೆ. 0.5 ಅಗಲದ ಲೆನ್ಸಿನಲ್ಲಿ ಇದು ಇನ್ನೂ ವಿಕಾರ. ಬೀದಿಯ ಎದುರು ಬದಿಗೆ ಹೋಗಿ, ಒಂದೆರಡು ಮೆಟ್ಟಿಲು ಸಿಕ್ಕರೆ ಹತ್ತಿ, ಫೋನನ್ನು ನೆಟ್ಟಗೆ ಹಿಡಿದು 1ರ ಮಾಮೂಲಿ ಲೆನ್ಸಿನಲ್ಲೇ ತೆಗೆಯಿರಿ. ಕೆಳಗಡೆ ರಸ್ತೆ ಹೆಚ್ಚಾಗಿ ಬಂದರೆ ಬರಲಿ, ಆಮೇಲೆ ಕತ್ತರಿಸಿಕೊಳ್ಳಬಹುದು. ತಂತಿಗಳ ವಿಷಯ ಬೇರೆ. ಅವು ಎಲ್ಲೆಲ್ಲೂ ಇವೆ, ಅಳಿಸಲು ಕೂತರೆ ಮುಗಿಯುವುದಿಲ್ಲ, ಅಳಿಸಿದರೆ ಅದು ಪೇಟೆಯೂ ಅಲ್ಲ. ಎರಡು ಹೆಜ್ಜೆ ಆಚೀಚೆ ಸರಿದು, ಕಿಟಕಿ ಅಥವಾ ಮುಖದ ಮೇಲೆ ತಂತಿ ಹಾದುಹೋಗದಂತೆ ನೋಡಿಕೊಂಡರೆ ಸಾಕು.

ಅವೆನ್ಯೂ ರಸ್ತೆಯಲ್ಲೇ ರೈಸ್ ಸ್ಮಾರಕ ಚರ್ಚ್ ಇದೆ. ಪಾದ್ರಿ ಬೆಂಜಮಿನ್ ರೈಸ್ ಅವರ ನೆನಪಿನದು. ಶಾಸನಗಳನ್ನು ಹುಡುಕಿ ಓದಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಕೊಟ್ಟ ಬಿ.ಎಲ್. ರೈಸ್ ಈ ಪಾದ್ರಿಯ ಮಗ, 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಚೌಕದಿಂದ ಚಿಕ್ಕಪೇಟೆಯೊಳಗೆ ಪಶ್ಚಿಮಕ್ಕೆ ಹೋದರೆ ಬಳೇಪೇಟೆಯ ಕಡೆ ರಂಗನಾಥಸ್ವಾಮಿ ಗುಡಿ, ವಿಜಯನಗರ ಶೈಲಿಯ ಕಲ್ಲುಕಂಬಗಳಿವೆ. ಪೂರ್ವದ ಕಡೆ ತಿಗಳರಪೇಟೆಯಲ್ಲಿ ಧರ್ಮರಾಯಸ್ವಾಮಿ ಗುಡಿ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಇಲ್ಲಿಂದ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಅದು ಹೋಗಿ ಬರುತ್ತದೆ. ಕರಗದ ಚಿತ್ರಗಳಿಗೆ ಬೇರೆಯದೇ ಸಿದ್ಧತೆ ಬೇಕು, ಈ ದಿನದ ಜೊತೆ ಸೇರಿಸಬೇಡಿ. ಎರಡರಲ್ಲಿ ಒಂದು ಗುಡಿಗೆ ಮಾತ್ರ ಸಮಯವಿರುತ್ತದೆ. ರಂಗನಾಥನ ಗುಡಿ ಆರಿಸಿಕೊಂಡರೆ ಚಿಕ್ಕಪೇಟೆ ಮೆಟ್ರೋ ಹತ್ತಿರ, ಅಲ್ಲಿಂದ ಒಂದೇ ನಿಲ್ದಾಣಕ್ಕೆ ಮತ್ತೆ ಮಾರುಕಟ್ಟೆ.

ಗುಡಿಗಳ ಗರ್ಭಗುಡಿಯ ಚಿತ್ರ ಎಲ್ಲೂ ತೆಗೆಯುವಂತಿಲ್ಲ. ಹೊರಾಂಗಣದಲ್ಲೂ ಅರ್ಚಕರನ್ನು ಕೇಳಿಯೇ ಕ್ಯಾಮೆರಾ ತೆಗೆಯಿರಿ. ಹೆಚ್ಚಿನ ಗುಡಿಗಳು ಮಧ್ಯಾಹ್ನ ಹನ್ನೆರಡು ಹನ್ನೆರಡೂವರೆಗೆ ಬಾಗಿಲು ಹಾಕಿ ಸಂಜೆ ಐದರ ಹೊತ್ತಿಗೆ ತೆಗೆಯುತ್ತವೆ. ಇಡೀ ದಿನದ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ಒಂಬತ್ತರಿಂದ ಹನ್ನೊಂದೂವರೆ: ಕೋಟೆ ಮತ್ತು ತೇಗದ ಅರಮನೆ

ಕೃಷ್ಣರಾಜೇಂದ್ರ ರಸ್ತೆಯಲ್ಲಿ, ಮಾರುಕಟ್ಟೆಯ ದಕ್ಷಿಣಕ್ಕೆ ಕೋಟೆಯ ದೆಹಲಿ ಬಾಗಿಲು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್ 21ರಂದು, ಕಾರ್ನ್‌ವಾಲಿಸ್‌ನ ಸೇನೆ ಗೋಡೆ ಒಡೆದು ಒಳನುಗ್ಗಿತು. ಗೋಡೆಯಲ್ಲಿರುವ ಕಲ್ಲಿನ ಫಲಕ ಅದನ್ನೇ ಹೇಳುತ್ತದೆ. ಮೊಟ್ಟೆಯಾಕಾರದ ಆ ದೊಡ್ಡ ಕೋಟೆಯಲ್ಲಿ ಈಗ ಉಳಿದಿರುವುದು ಈ ತುಣುಕಷ್ಟೇ. ಒಳಗೊಂದು ಗಣಪತಿ ಗುಡಿಯೂ ಇದೆ.

ಇಲ್ಲಿ ಜನ ದೊಡ್ಡ ಮರದ ಬಾಗಿಲಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ನಿಜವಾದ ಸೊಗಸಿರುವುದು ಗೋಡೆಗಳ ಮೇಲಿನ ತೆಳು ಕೆತ್ತನೆಗಳಲ್ಲಿ. ತಾವರೆ, ನವಿಲು, ಆನೆ, ಹಕ್ಕಿಗಳು ಬೆರಳಷ್ಟೂ ಮುಂದಕ್ಕೆ ಚಾಚಿಲ್ಲ. ಎದುರಿನಿಂದ ಬೆಳಕು ಬಿದ್ದರೆ ಕಾಣುವುದೇ ಇಲ್ಲ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುತ್ತಿರುವ ಜಾಗ ಹುಡುಕಿ, ಅಲ್ಲಿ ಮಾತ್ರ ತೆಗೆಯಿರಿ. ಅಂಗಳ ಒಂದು ಸುತ್ತು ಹಾಕಿದರೆ ಯಾವ ಗೋಡೆಗೆ ಓರೆ ಬೆಳಕಿದೆ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಮೋಡವಿದ್ದರೆ ಜೊತೆಗಿರುವವರ ಮೊಬೈಲಿನ ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಪಕ್ಕದಿಂದ ಹಿಡಿಸಿ. ಕಲ್ಲಿನೊಳಗಿಂದ ಆನೆ ಎದ್ದು ಬರುವುದನ್ನು ನೋಡಿ ಮಕ್ಕಳಿಗೂ ಖುಷಿಯಾಗುತ್ತದೆ.

ಅಲ್ಲಿಂದ ಕೆಲವೇ ನಿಮಿಷದ ನಡಿಗೆಗೆ ಕೋಟೆ ವೆಂಕಟರಮಣಸ್ವಾಮಿ ಗುಡಿ, ಚಿಕ್ಕದೇವರಾಜ ಒಡೆಯರ ಕಾಲದ್ದು. ಅದಕ್ಕೆ ಅಂಟಿಕೊಂಡಂತೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ. ಅರಮನೆಯ ಗೋಡೆಗೆ ಗುಡಿಯ ಗೋಡೆ ಇಷ್ಟು ಹತ್ತಿರವಿರುವುದನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು, ಹಿಡಿಯಬೇಕು.

ಅರಮನೆಗೆ ಪುರಾತತ್ವ ಇಲಾಖೆಯ ಟಿಕೆಟ್ ಇದೆ, ಮೊಬೈಲಿನಲ್ಲೂ ತೆಗೆದುಕೊಳ್ಳಬಹುದು. ಮಹಡಿಯ ಪೂರ್ವ ಮತ್ತು ಪಶ್ಚಿಮದ ಉಪ್ಪರಿಗೆಗಳಿಂದ ಟಿಪ್ಪು ದರ್ಬಾರು ನಡೆಸುತ್ತಿದ್ದನಂತೆ. 'ರಷ್ಕ್-ಎ-ಜನ್ನತ್', ಸ್ವರ್ಗವೂ ಅಸೂಯೆಪಡುವಂಥದ್ದು ಎಂದು ಇಲ್ಲೇ ಬರೆಸಿಕೊಂಡ. ಅವನ ನಂತರ ಸರ್ಕಾರದ ಕಚೇರಿಗಳು ಇಲ್ಲಿ ನಡೆದವು, 1868ರಲ್ಲಿ ಈಗಿನ ವಿಧಾನಸೌಧದ ಎದುರಿನ ಕೆಂಪು ಕಟ್ಟಡವಾದ ಅಠಾರಾ ಕಚೇರಿಗೆ ಹೋದವು. ಬೆಳಿಗ್ಗೆ ಪೂರ್ವದ ಮುಖಕ್ಕೆ ಬೆಳಕು, ಹಾಗಾಗಿ ಆ ಕಡೆಯ ತೋಟದಿಂದಲೇ ಶುರುಮಾಡಿ.

ಒಳಗಿನ ಕಷ್ಟ ಒಂದೇ. ತೇಗದ ಕಂಬಗಳು ಕಡು ಕಂದು, ಹೊರಗಿನ ಹುಲ್ಲುಹಾಸು ಬೆಳ್ಳಗೆ ಹೊಳೆಯುತ್ತಿರುತ್ತದೆ. ಕಂಬಕ್ಕೆ ಎಕ್ಸ್‌ಪೋಷರ್ ಹೊಂದಿಸಿದರೆ ಹೊರಗೆ ಬಿಳಿ ಪರದೆ, ಹೊರಗೆ ಹೊಂದಿಸಿದರೆ ಒಳಗೆ ಕತ್ತಲೆ. ಮೊಬೈಲಿನ ಎಚ್‌ಡಿಆರ್ ಇದನ್ನು ತಕ್ಕಮಟ್ಟಿಗೆ ಸರಿಮಾಡಿದರೂ ಮರಕ್ಕೆ ಬೂದಿ ಬಳಿದ ಹಾಗೆ ಆಗುತ್ತದೆ. ಅದಕ್ಕಿಂತ ಹೊರಗಿನ ಆಕಾಶವನ್ನು ಚೌಕಟ್ಟಿನಿಂದ ಬಿಟ್ಟು, ಕಂಬಗಳ ಸಾಲಿನ ಉದ್ದಕ್ಕೆ, ಪಕ್ಕದಿಂದ ಬೆಳಕು ಬೀಳುವಂತೆ ನಿಂತುಕೊಳ್ಳಿ. ಆಗ ಕಂಬದ ಗೀರುಗಳು, ಕಮಾನಿನ ಎಸಳು ಎಸಳಾದ ಅಂಚು, ಕೆಳಗಿನ ಕಲ್ಲಿನ ಪೀಠ ಮೂರೂ ಬರುತ್ತವೆ. ಎಫ್ 4, 1/60, ಐಎಸ್‌ಒ 800ರ ಸುಮಾರು, ಮೊಣಕೈ ಎದೆಗೆ ಒತ್ತಿಕೊಂಡು. ಗೋಡೆಯ ಮೇಲೆ ಹಳೆಯ ಹೂಬಳ್ಳಿಯ ಬಣ್ಣದ ಕೆಲಸ ಅಲ್ಲಲ್ಲಿ ಉಳಿದಿದೆ. ಫ್ಲ್ಯಾಶ್ ಹಾಕಬೇಡಿ, ಕಂಬಕ್ಕೆ ಒರಗಬೇಡಿ. ಇನ್ನೂರು ಚಿಲ್ಲರೆ ವರ್ಷದ ಮರ ಸವೆಯುವುದು ಹೀಗೇ, ಒಬ್ಬೊಬ್ಬರ ಬೆನ್ನಿನಿಂದ.

ಮಧ್ಯಾಹ್ನ

ಹನ್ನೆರಡರಿಂದ ಮೂರರವರೆಗೆ ಕ್ಯಾಮೆರಾ ಒಳಗಿಡಿ. ಊಟ ಮಾಡಿ, ಕೂತುಕೊಳ್ಳಿ, ಬ್ಯಾಟರಿ ಚಾರ್ಜ್ ಮಾಡಿ, ಬೆಳಗಿನ ಚಿತ್ರಗಳಲ್ಲಿ ಅಲುಗಿದವನ್ನು ಅಳಿಸಿ. 1924ರಿಂದ ಇರುವ ಎಂಟಿಆರ್‌ನಲ್ಲಿ ಊಟಕ್ಕೆ ಕಾಯಬೇಕಾಗುತ್ತದೆ, ಆದರೆ ಇದು ಕಾಯಲು ಸಮಯವಿರುವ ಹೊತ್ತು.

ಮೂರರಿಂದ: ಬಸವನಗುಡಿ

1898ರ ಪ್ಲೇಗು ಪೇಟೆಯ ಜನರನ್ನು ಹೊರಗೆ ಹೋಗಿ ಮನೆ ಕಟ್ಟಿಕೊಳ್ಳುವಂತೆ ಮಾಡಿತು. ಬಸವನಗುಡಿ, ಮಲ್ಲೇಶ್ವರ ಹಾಗೆ ತುಂಬಿಕೊಂಡ ಬಡಾವಣೆಗಳು. ಬೆಳಗಿನ ಇಕ್ಕಟ್ಟಿನ ಬೀದಿಗಳ ನಂತರ ಇಲ್ಲಿನ ಅಗಲ ರಸ್ತೆ, ಮರ, ಜಗಲಿಯ ಮನೆಗಳನ್ನು ನೋಡಿದರೆ ಆ ಬದಲಾವಣೆ ಕಣ್ಣಿಗೇ ತಿಳಿಯುತ್ತದೆ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ಗಾಂಧಿಬಜಾರಿನ ಮೂಲಕ ನಡೆಯಿರಿ. 1943ರ ವಿದ್ಯಾರ್ಥಿ ಭವನದ ಮಸಾಲೆ ದೋಸೆಗೆ ಸರಿಯಾದ ಹೊತ್ತು.

ದೊಡ್ಡ ಬಸವಣ್ಣ ಒಂದೇ ಕಲ್ಲಿನ ವಿಗ್ರಹ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಎಣ್ಣೆ ಹಚ್ಚಿ ಹಚ್ಚಿ ಕಡುಗಪ್ಪಾಗಿದ್ದಾನೆ. ಕ್ಯಾಮೆರಾಗೆ ಎಲ್ಲವನ್ನೂ ನಡುಬಣ್ಣಕ್ಕೆ ತರುವ ಅಭ್ಯಾಸ. ಕಪ್ಪು ಬಸವನನ್ನು ಅದು ಬೂದುಬಣ್ಣ ಮಾಡಿ, ಕೊರಳಿನ ಹೂಮಾಲೆಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದರೆ ಕಪ್ಪು ಕಪ್ಪಾಗಿಯೇ ಉಳಿದು, ಎಣ್ಣೆಯ ಹೊಳಪೇ ಮೈಕಟ್ಟನ್ನು ತೋರಿಸುತ್ತದೆ. ಕಾರ್ತಿಕದ ಕೊನೆಯ ಸೋಮವಾರವಾದರೆ ಕಡಲೆಕಾಯಿ ಪರಿಷೆ. ಅಂದು ಬೇರೆ ಎಲ್ಲವನ್ನೂ ಬಿಟ್ಟು ಇಡೀ ಮಧ್ಯಾಹ್ನ ಇಲ್ಲೇ ಇರಿ.

ಗವಿಗಂಗಾಧರೇಶ್ವರನ ಗುಡಿ ಸ್ವಲ್ಪ ದೂರ, ಆಟೋ ಹಿಡಿಯಿರಿ. ಅಂಗಳದಲ್ಲಿ ಕಲ್ಲಿನ ಸೂರ್ಯಪಾನ, ಚಂದ್ರಪಾನ ಎಂಬ ದೊಡ್ಡ ತಟ್ಟೆಗಳು, ತ್ರಿಶೂಲ, ಡಮರು ಇವೆ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗದ ಮೇಲೆ ಬೀಳುತ್ತದೆ. ಆ ದಿನದ ಜನಸಂದಣಿಯಲ್ಲಿ ಚಿತ್ರದ ಆಸೆ ಬೇಡ. ದಿನ ಚಿಕ್ಕದಿರುವ ನವೆಂಬರ್, ಡಿಸೆಂಬರಿನಲ್ಲಿ ಗವಿಯನ್ನು ಬಿಟ್ಟು ನೇರ ಲಾಲ್‌ಬಾಗಿಗೆ ಹೋಗುವುದೇ ವಾಸಿ, ಏಕೆಂದರೆ ಸೂರ್ಯ ಐದೂಮುಕ್ಕಾಲು ಆರಕ್ಕೆಲ್ಲ ಮುಳುಗುತ್ತಾನೆ. ಜೂನ್, ಜುಲೈನಲ್ಲಿ ಆರೂಮುಕ್ಕಾಲರವರೆಗೂ ಸಮಯವಿದೆ.

ಸಂಜೆ: ಲಾಲ್‌ಬಾಗಿನ ಗುಡ್ಡ

ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚೆ ಒಳಗಿರಬೇಕು. ಲಾಲ್‌ಬಾಗ್ ಮೆಟ್ರೋ ನಿಲ್ದಾಣದ ಹತ್ತಿರ ಪಶ್ಚಿಮದ ಗೇಟು. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ, ಈಗ 240 ಎಕರೆ. ಮೊದಲು ಗಾಜಿನ ಮನೆ. 1889ರಲ್ಲಿ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಮುಂಭಾಗದ ನಟ್ಟನಡುವೆ ನಿಂತು, ಎಡಬಲ ಸಮನಾಗಿದೆಯೇ ಎಂದು ಚೌಕಟ್ಟಿನ ಅಂಚುಗಳನ್ನು ನೋಡಿಕೊಂಡು ತೆಗೆಯಿರಿ. ಒಂದಡಿ ಪಕ್ಕಕ್ಕಿದ್ದರೂ ಇಂಥ ಕಟ್ಟಡ ವಾಲಿದಂತೆ ಕಾಣುತ್ತದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಇದು ಸಾಧ್ಯವಾಗುವುದಿಲ್ಲ.

ನಂತರ ಗುಡ್ಡ ಹತ್ತಿ. ಇದು ಪೆನಿನ್ಸುಲಾರ್ ನೈಸ್ ಎಂಬ ಬಂಡೆ, ಸುಮಾರು 300 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ತುದಿಯಲ್ಲಿ ಕೆಂಪೇಗೌಡರ ಗಡಿ ಗೋಪುರ. ಎಲ್ಲರೂ ಗೋಪುರವನ್ನೇ ತೆಗೆಯುತ್ತಾರೆ. ನೀವು ಮೊದಲು ಕಾಲಬುಡ ನೋಡಿ. ಬಂಡೆಯಲ್ಲಿ ಬೂದು ಮತ್ತು ಬಿಳಿಯ ಪಟ್ಟೆಗಳು ಹಿಟ್ಟು ನಾದಿದಂತೆ ತಿರುಚಿಕೊಂಡಿವೆ. ಕಲ್ಲು ಆಳದಲ್ಲಿ ಕಾದು, ಒತ್ತಡಕ್ಕೆ ಮೆತ್ತಗಾಗಿ ಹರಿದಾಡಿದ ಗುರುತು ಅದು. ಸೂರ್ಯ ಕೆಳಗಿಳಿದಾಗ ಬೆಳಕು ಬಂಡೆಯನ್ನು ಸವರುವುದರಿಂದ ಹರಳು ಹರಳೂ ಕಾಣುತ್ತದೆ. ಮೊಬೈಲನ್ನು ನೆಲಕ್ಕೆ ಸಮಾನಾಂತರವಾಗಿ ಎರಡಡಿ ಎತ್ತರದಲ್ಲಿ ಹಿಡಿದು, ಅಳತೆ ಗೊತ್ತಾಗಲು ಒಂದು ನಾಣ್ಯ ಇಟ್ಟು ತೆಗೆಯಿರಿ. ನಿಮ್ಮ ನೆರಳು ಬೀಳದಂತೆ ಸೂರ್ಯನ ಕಡೆಗೆ ಮುಖ ಮಾಡಿ ಕೂರಬೇಕು.

ಗೋಪುರಕ್ಕೆ ಪೂರ್ವದ ಬದಿಗೆ ಇಳಿದು ನಿಂತರೆ ಸೂರ್ಯ ಅದರ ಹಿಂದಕ್ಕೆ ಬರುತ್ತಾನೆ. ಡಿಸೆಂಬರಿನಲ್ಲಿ ಸ್ವಲ್ಪ ಎಡಕ್ಕೆ, ಜೂನ್‌ನಲ್ಲಿ ಬಲಕ್ಕೆ ಇಳಿಯುವುದರಿಂದ ನಿಮ್ಮ ಜಾಗವನ್ನು ಅದಕ್ಕೆ ತಕ್ಕಂತೆ ಸರಿಸಿಕೊಳ್ಳಿ. ಆಕಾಶಕ್ಕೆ ಎಕ್ಸ್‌ಪೋಷರ್ ಲಾಕ್ ಮಾಡಿದರೆ ಗೋಪುರ ಕಪ್ಪು ಆಕಾರವಾಗಿ ನಿಲ್ಲುತ್ತದೆ. ಸೂರ್ಯ ಮುಳುಗಿದ ಕೂಡಲೇ ಇಳಿಯಬೇಡಿ, ಮುಂದಿನ ಹತ್ತು ಹದಿನೈದು ನಿಮಿಷದ ಬಣ್ಣವೇ ಹೆಚ್ಚು ಚೆನ್ನ. ಏಳಕ್ಕೆ ತೋಟ ಮುಚ್ಚುತ್ತಾರೆ, ಕಾವಲುಗಾರರ ಸೀಟಿ ಅದಕ್ಕೂ ಮುಂಚೆಯೇ ಕೇಳಿಸುತ್ತದೆ. ಬಂಡೆ ಒದ್ದೆಯಿದ್ದರೆ ಬೆಳಕಿರುವಾಗಲೇ ಕೆಳಗಿಳಿಯಿರಿ.

ಇನ್ನೊಂದು ದಿನ ಸಿಕ್ಕರೆ ವಿಧಾನಸೌಧದ ಪೂರ್ವ ಮುಖವನ್ನು ಬೆಳಿಗ್ಗೆ, ಅದರ ಎದುರಿನ ಕೆಂಪು ಅಠಾರಾ ಕಚೇರಿಯನ್ನು ಸಂಜೆ ನೋಡಿ, ಒಂದು ಇನ್ನೊಂದಕ್ಕೆ ಎದುರುಬದುರು ಇರುವುದರಿಂದ. 'ಬೆಂಗಳೂರು' ಎಂಬ ಹೆಸರು ಸಿಗುವ, ಸುಮಾರು 890ರ ವೀರಗಲ್ಲಿನ ಬೇಗೂರಿಗೂ ಅರ್ಧ ದಿನ ಕೊಡಬಹುದು.

ಮನೆಗೆ ಬಂದ ರಾತ್ರಿಯೇ ಒಂದು ಕೆಲಸ ಮಾಡಿ. ಪ್ರತಿ ಕಟ್ಟಡದ ಚಿತ್ರಕ್ಕೂ ಯಾವ ಪೇಟೆ, ಯಾವ ಅಡ್ಡಬೀದಿ, ಬೀದಿಯ ಯಾವ ಬದಿ ಎಂದು ಬರೆದಿಡಿ. ಮಾರನೆಯ ದಿನಕ್ಕೆ ಮಾಮೂಲ್‌ಪೇಟೆ ಯಾವುದು, ಬಳೇಪೇಟೆ ಯಾವುದು ಎಂಬುದು ಮರೆತುಹೋಗಿರುತ್ತದೆ. ಆ ಗೋಡೆ ಬಿದ್ದ ಮೇಲೆ ಕೇಳಿದರೆ ಹೇಳುವವರೂ ಸಿಗುವುದಿಲ್ಲ. ಚಿತ್ರಗಳು ಎರಡು ಕಡೆ ನಕಲಾಗುವ ತನಕ ಕಾರ್ಡ್ ಅಳಿಸಬೇಡಿ.